ಪೇಸ್‌ಮೇಕರ್ ಮತ್ತು ಹೃದಯದ ಒಳಪದರದ ಸೋಂಕು: ಹುಬ್ಬಳ್ಳಿ–ಧಾರವಾಡದ ನೆಲೆಯಿಂದ ಒಂದು ವಿವೇಚನೆ

ಸಾರಾಂಶ: ಪೇಸ್‌ಮೇಕರ್ ಹೊತ್ತವರಿಗೆ ಜ್ವರ ಬಂದಾಗ ರಕ್ತಪರೀಕ್ಷೆಗೆ ಮುನ್ನವೇ ಕೊಡುವ ಆ್ಯಂಟಿಬಯಾಟಿಕ್ ಹೃದಯದ ಸೋಂಕನ್ನು ಮರೆಮಾಚಬಲ್ಲದು ಎಂಬುದು ಈ ಲೇಖನದ ವಾದ.

ಪ್ರಸ್ತಾವನೆ
ಸ್ವೀಡನ್ನಿನಲ್ಲಿ 1958ರ ಅಕ್ಟೋಬರ್ 8ರಂದು ಓಕೆ ಸೆನ್ನಿಂಗ್ ಮೊದಲ ಪೇಸ್‌ಮೇಕರನ್ನು ಮನುಷ್ಯನ ಮೈಯೊಳಗೆ ಕೂರಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 1957ರಲ್ಲಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಶುರುವಾಗಿತ್ತು. ಅದೇ ಮುಂದೆ ಕಿಮ್ಸ್ ಆಯಿತು. ಅಲ್ಲಿಗೂ ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೂ ಗದಗ, ಹಾವೇರಿ, ಕೊಪ್ಪಳದ ಕಡೆಯ ರೋಗಿಗಳು ಬರುತ್ತಾರೆ. ಅಂಥವರಿಗೆ ಯಂತ್ರ ಕೂರುವುದು ಅವಳಿ ನಗರದಲ್ಲಿ, ಜ್ವರ ಬರುವುದು ಊರಿನಲ್ಲಿ.

ಸೋಂಕಿನ ದಾರಿ
ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಮಾಡಿದ ಜೇಬಿನಿಂದ ತಂತಿಯು ಅಭಿಧಮನಿಯೊಳಗೆ ಸಾಗಿ, ತ್ರಿದಳ ಕವಾಟ ದಾಟಿ ಬಲ ಹೃತ್ಕುಕ್ಷಿಯನ್ನು ಮುಟ್ಟುತ್ತದೆ. ಸೋಂಕೂ ಇದೇ ದಾರಿ ಹಿಡಿಯಬಹುದು. ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ. ಅವು ತಂತಿಯ ಮೇಲೆ ಲೋಳೆಪೊರೆ ಕಟ್ಟಿಕೊಳ್ಳುವುದರಿಂದ ಔಷಧಿ ಒಳಗಿಳಿಯುವುದು ಕಷ್ಟ. ಸೋಂಕುಗಡ್ಡೆಯ ಚೂರು ಕಳಚಿ ಶ್ವಾಸಕೋಶ ಸೇರಿದರೆ ಕೆಮ್ಮು, ಎದೆನೋವು ಕಾಣಿಸಿ ನ್ಯುಮೋನಿಯಾ ಎನಿಸುತ್ತದೆ.

ಬ್ಯಾಟರಿ ತೀರಿ ಯಂತ್ರ ಬದಲಿಸುವಾಗ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಜೇಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಗಂಭೀರ ಸೋಂಕಿನ ಸಂಭವ ಏಳು ಪಟ್ಟಿಗೂ ಮೀರುತ್ತದೆಂದು ಬ್ರೂಸ್ ಕಂಟ್ರೋಲ್ ಅಧ್ಯಯನದ 2016ರ ವಿಶ್ಲೇಷಣೆ ತೋರಿಸಿತು. ಆ್ಯಂಟಿಬಯಾಟಿಕ್ ಲೇಪಿತ ಜಾಲರಿ ಚೀಲವನ್ನು ಸುಮಾರು 7,000 ರೋಗಿಗಳಲ್ಲಿ ಪರೀಕ್ಷಿಸಿದ 2019ರ ಪ್ರಯೋಗದಲ್ಲಿ ಒಂದು ವರ್ಷದೊಳಗಿನ ದೊಡ್ಡ ಸೋಂಕು ಶೇ. 1.2ರಿಂದ 0.7ಕ್ಕೆ ಇಳಿಯಿತು.

ಚರ್ಚೆ
ಅಂಕಿ ಚಿಕ್ಕದು, ಆದರೆ ಸೋಂಕು ತಗುಲಿದವರ ಪಾಲಿಗೆ ಬೆಲೆ ದೊಡ್ಡದು. ತಂತಿಗೆ ಸೋಂಕು ಹತ್ತಿದ ಮೇಲೆ ಬರೀ ಔಷಧಿ ಸಾಲದು. ಯಂತ್ರ, ತಂತಿ ಎರಡನ್ನೂ ಪೂರ್ತಿ ತೆಗೆಯಬೇಕು. ವರ್ಷಗಟ್ಟಲೆ ರಕ್ತನಾಳದ ಗೋಡೆಗೆ ಅಂಟಿಕೊಂಡ ತಂತಿಯನ್ನು ಬಿಡಿಸುವಾಗ ನಾಳ ಹರಿಯುವ ಭಯವಿರುವುದರಿಂದ ಹೃದಯ ಶಸ್ತ್ರಚಿಕಿತ್ಸಕರು ಸಜ್ಜಾಗಿರಬೇಕು. ಆದ್ದರಿಂದ ಬೇಗ ಪತ್ತೆಯಾಗುವುದೇ ಮುಖ್ಯ. ಅದಕ್ಕೆ ಆಧಾರ ಎರಡು: ಬೇರೆ ಬೇರೆ ಕಡೆ ಚುಚ್ಚಿ ತೆಗೆದ ರಕ್ತದ ಕಲ್ಚರ್, ಮತ್ತು ಅನ್ನನಾಳದ ಮೂಲಕ ಮಾಡುವ ಎಕೋ. ಮೊದಲೇ ನಾಲ್ಕು ದಿನ ಮಾತ್ರೆ ನುಂಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಜೇಬು ಊದಿಕೊಂಡಾಗ ಸೂಜಿ ಹಾಕಿ ಕೀವು ತೆಗೆಯುವುದೂ ತಪ್ಪು. ಸೂಜಿಯೇ ಹೊಸ ಸೋಂಕನ್ನು ಒಳಗೊಯ್ಯಬಲ್ಲದು.

ತೀರ್ಮಾನ
ರೋಗಿಯ ಕೈಗೆ ಕೊಡುವ ಪೇಸ್‌ಮೇಕರ್ ಕಾರ್ಡಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಇರಲಿ: ಜೇಬಿನ ಚರ್ಮ ಕೆಂಪಾದರೆ ಯಂತ್ರ ಹಾಕಿದ ಆಸ್ಪತ್ರೆಗೆ ಬನ್ನಿ, ಜ್ವರ ಬಿಡದಿದ್ದರೆ ಮಾತ್ರೆಗೆ ಮೊದಲು ರಕ್ತದ ಕಲ್ಚರ್ ಮಾಡಿಸಿ. ಊರಿನ ವೈದ್ಯರು ಮೊದಲು ನೋಡುವುದು ಆ ಕಾರ್ಡನ್ನೇ.