ವೈರ್ ಜಾಯಿಂಟ್

ಮನೆಯ ವೈರಿಂಗ್‌ನಲ್ಲಿ ಎರಡು ಅಥವಾ ಹೆಚ್ಚು ತಂತಿಗಳನ್ನು ಸಡಿಲವಾಗದಂತೆ, ಬಿಸಿಯಾಗದಂತೆ ಕೂಡಿಸುವ ಕೆಲಸ. ಇದರ ಚರಿತ್ರೆ ಆರಂಭವಾಗುವುದು ಮನೆಯಲ್ಲಲ್ಲ, ಟೆಲಿಗ್ರಾಫ್ ಕಂಬದ ಮೇಲೆ. 19ನೇ ಶತಮಾನದ ಅಮೆರಿಕದಲ್ಲಿ ರೂಢಿಗೆ ಬಂದ ‘ವೆಸ್ಟರ್ನ್ ಯೂನಿಯನ್’ ಜಾಯಿಂಟ್‌ನಲ್ಲಿ ಒಂದು ತಂತಿಯ ತುದಿ ಇನ್ನೊಂದರ ಮೈಗೆ ಒತ್ತೊತ್ತಾಗಿ ಸುತ್ತಿಕೊಳ್ಳುತ್ತದೆ, ಎಳೆದಷ್ಟೂ ಬಿಗಿ. 1880ರ ದಶಕದಿಂದ ಅಲ್ಲಿನ ಮನೆಗಳಿಗೆ ವಿದ್ಯುತ್ ಬರತೊಡಗಿದಾಗ ಕೆಲಸಗಾರರು ಹೀಗೆಯೇ ತಂತಿ ಸುತ್ತಿ, ಬೆಸುಗೆ ಹಾಕಿ, ಮೇಲೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದರು. ಜಾಯಿಂಟ್ ಗಟ್ಟಿಮುಟ್ಟು, ಕೆಲಸ ಮಾತ್ರ ನಿಧಾನ. ಏಣಿಯ ಮೇಲೆ ನಿಂತು ಸೂರಿನಡಿ ಬೆಸುಗೆ ಕರಗಿಸುವುದು ಅಪಾಯವೂ ಹೌದು.

ಆ ಬೆಸುಗೆಯನ್ನು ತಪ್ಪಿಸಿದವನು ಕೆನಡಾದ ವಿಲಿಯಂ ಮಾರ್. ತಂತಿಗಳನ್ನು ಒತ್ತಿ ಹಿಡಿಯುವ ಅವನ ಕನೆಕ್ಟರ್ 1914ರದು. ತಿರುಗಿಸಿದರೆ ಬಿಗಿಯುವ ಟೊಪ್ಪಿಗೆಯಂಥ ಕನೆಕ್ಟರ್‌ಗಳು ಆಮೇಲೆ ಉತ್ತರ ಅಮೆರಿಕದಲ್ಲೆಲ್ಲ ಹರಡಿದವು. 1951ರಲ್ಲಿ ಜರ್ಮನಿಯ ಮಿಂಡನ್‌ನಲ್ಲಿ ಶುರುವಾದ ವಾಗೊ ಕಂಪನಿ ತಂತಿ ಹಿಡಿಯಲು ಸ್ಕ್ರೂ ಬದಲು ಸ್ಪ್ರಿಂಗನ್ನು ನೆಚ್ಚಿತು.

ಬಿಗಿಗೆ ಇಷ್ಟು ಮಹತ್ವ ಏಕೆ? 230 ವೋಲ್ಟ್, 2000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದಾರಿಯ ಸಡಿಲ ಜಾಯಿಂಟ್‌ನಲ್ಲಿ ಅರ್ಧ ಓಮ್ ರೋಧವಿದ್ದರೂ ಅಲ್ಲಿ ಹುಟ್ಟುವ ಶಾಖ ಸುಮಾರು 36 ವ್ಯಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು! ಕರೆಂಟ್ ಹೆಚ್ಚಾಗದ ಕಾರಣ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಆರುವ ಸ್ವಿಚ್) ಬೀಳುವುದಿಲ್ಲ. ಮೊದಲು ತಂತಿಯ ಹೊದಿಕೆ ಕಂದಾಗುತ್ತದೆ, ಆಮೇಲೆ ಸುಟ್ಟ ವಾಸನೆ. ತಾಮ್ರ ದುಬಾರಿಯಾದ 1960ರ ದಶಕದಲ್ಲಿ ಅಮೆರಿಕದ ಮನೆಗಳು ಅಲ್ಯೂಮಿನಿಯಂ ತಂತಿಗೆ ಹೊರಳಿ ಈ ಪಾಠವನ್ನು ಬೆಂಕಿಯಿಂದಲೇ ಕಲಿತವು: ಅಲ್ಯೂಮಿನಿಯಂ ತಂತಿ ಸ್ಕ್ರೂವಿನಡಿ ಮೆಲ್ಲಗೆ ಜಗ್ಗುತ್ತದೆ, ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪದರ ಕರೆಂಟಿಗೆ ಅಡ್ಡ.

ಇತ್ತ ನಮ್ಮಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರಲ್ಲಿ. ಆಮೇಲೆ ವಿದ್ಯುತ್ ಕಂಡ ಹಳೆಯ ಮನೆಗಳಲ್ಲಿ ವೈರ್ ಮರದ ಪಟ್ಟಿಯ ಮೇಲೆ, ಕಣ್ಣೆದುರೇ ಸಾಗುತ್ತಿತ್ತು. ಕೆಟ್ಟ ಜಾಯಿಂಟ್ ಬೇಗ ಕಾಣುತ್ತಿತ್ತು. ಪೈಪಿನೊಳಗಿನ ವೈರಿಂಗ್ ಗೋಡೆಯನ್ನು ಅಂದಗೊಳಿಸಿ, ದೋಷವನ್ನು ಸಿಮೆಂಟಿನ ಹಿಂದೆ ಮರೆಮಾಡಿತು. ಅದಕ್ಕೇ ಪೈಪಿನ ನಡುವೆ ಜಾಯಿಂಟ್ ಕೂಡದು. ಅದು ಮುಚ್ಚಳ ತೆಗೆದು ನೋಡಬಹುದಾದ ಜಂಕ್ಷನ್ ಬಾಕ್ಸ್‌ನಲ್ಲೇ ಇರಬೇಕು. ಬರಿಗೈಲಿ ಹೊಸೆದು ಟೇಪ್ ಸುತ್ತುವ ಅಭ್ಯಾಸ ಇನ್ನೂ ಹೋಗಿಲ್ಲ. ಟೇಪ್ ಶಾಕ್ ತಡೆಯುತ್ತದೆ, ತಂತಿಯನ್ನು ಹಿಡಿದಿಡುವುದಿಲ್ಲ. ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಅಂಟು ಇಳಿದು ಸುತ್ತು ತಾನಾಗಿ ಬಿಚ್ಚಿಕೊಳ್ಳುತ್ತದೆ.