ಅವ್ವನ ಬತ್ತಿ ಸ್ಟೋ

ಮೊನ್ನೆ ಅಟ್ಟ ಸ್ವಚ್ಛ ಮಾಡೂವಾಗ ಅವ್ವನ ಬತ್ತಿ ಸ್ಟೋ ಸಿಕ್ತು. ಇನ್ನೂ ಚಿಮಣಿ ಎಣ್ಣಿ ವಾಸನಿ ಐತಿ ನೋಡ್ರಿ! ಮಗಳು ಮೂಗು ಮುಚ್ಕೊಂಡು, "ಇದರ ಮ್ಯಾಲೆ ಅಡಗಿ ಹೆಂಗ ಮಾಡ್ತಿದ್ರಿ?" ಅಂದ್ಲು. ವಾಸನಿ ಬರಲಾರದಂಗ ಉರಸೂದೂ ಒಂದು ವಿದ್ಯಾ ಆಗಿತ್ತು.

ಅದಕ್ಕಿಂತ ಮೊದಲು ನಮ್ಮ ಮನ್ಯಾಗ ಇದ್ದದ್ದು ಹಿತ್ತಾಳಿ ಪಂಪ್ ಸ್ಟೋ. ಅದರ ಮೂಲ ಸ್ವೀಡನ್ ದೇಶ. 1892ರಾಗ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅನ್ನಾಂವ ಮಾಡಿದ ಪ್ರೈಮಸ್ ಅದರ ಮೂಲಪುರುಷ. ಅದಕ್ಕ ಬತ್ತಿ ಇಲ್ಲ. ಗಾಳಿ ಹೊಡದ್ರ ಎಣ್ಣಿ ಮ್ಯಾಲೇರಿ, ಕಾದ ಬರ್ನರಿನ್ಯಾಗ ಆವಿ ಆಗಿ, ಸಣ್ಣ ತೂತಿನಿಂದ ಹೊರಬಿದ್ದು ನೀಲಿಯಾಗಿ ಉರೀತೈತಿ. ತೂತು ಕಟ್ಟಿದ್ರ ಪಿನ್ನು ಹಾಕಬೇಕು. ಬರ್ನರ್ ಕಾಯೂಕಿಂತ ಮೊದಲ ಗಾಳಿ ಹೊಡದ್ರ ಎಣ್ಣಿನ ಚಿಮ್ಮಿ ಉರಿ ಮಾರುದ್ದ ಏಳ್ತಿತ್ತು.

ಅವ್ವಗ ಅದರ ಅಂಜಿಕಿ. ಅಂಜಿಕಿಗೆ ಇನ್ನೊಂದು ಕಾರಣನೂ ಇತ್ತು. ಆಗ ಪೇಪರಿನ್ಯಾಗ ಸ್ಟೋ ಸಿಡದು ಸೊಸಿ ಸತ್ತ ಸುದ್ದಿ ಮ್ಯಾಲಿಂದ ಮ್ಯಾಲೆ ಬರ್ತಿದ್ವು. "ಈ ಸ್ಟೋ ಸೊಸ್ಯಾರನ್ನಷ್ಟ ಯಾಕ ಹುಡುಕಿ ಸಿಡೀತಾವು?" ಅಂತ ಅವ್ವ ಕೇಳಾಕಿ. ಕಾಯದೆ ಮಾಡಾವ್ರಿಗೂ ಅದು ತಿಳೀತು: 1983ರಾಗ 498ಎ ಕಲಂ ಬಂತು, 1986ರಾಗ ವರದಕ್ಷಿಣೆ ಸಾವಿನ 304ಬಿ. ಲಗ್ನ ಆದ 7 ವರ್ಷದೊಳಗ ಹಂಗ ಸತ್ತ ಸೊಸಿಗೆ ವರದಕ್ಷಿಣೆ ಕಾಟ ಇತ್ತು ಅಂತ ಗೊತ್ತಾದ್ರ, ಗಂಡನ ಮನಿಯವ್ರು ಉತ್ತರ ಹೇಳಬೇಕಾತು.

ಅಕ್ಕನ ಲಗ್ನದಾಗ ಅವ್ವ ಭಾಂಡಿ ಸಾಮಾನಿನ ಜೋಡಿ ಬತ್ತಿ ಸ್ಟೋನ ಕೊಟ್ಲು. ಇಂಡಿಯನ್ ಆಯಿಲ್‌ನವ್ರು 1977ರಾಗ ತಂದ ನೂತನ್ ಆಗ ಮನಿಮನ್ಯಾಗ ಬಂದಿತ್ತು. "ಇದಕ್ಕ ಗಾಳಿ ಹೊಡಿಯೂದಿಲ್ಲ. ನಾಳೆ ಸಿಡೀತು ಅಂತ ಯಾರೂ ಹೇಳಾಕ ಬರೂದಿಲ್ಲ" ಅಂದ್ಲು.

ಅಕ್ಕಗ ಕಲಿಸಿದ್ದೂ ಆಕಿನ. ಬತ್ತಿ ಎಲ್ಲಾ ಒಂದ ಎತ್ತರ ಇರಬೇಕು. ಒಂದು ಮ್ಯಾಲೆದ್ರೂ ಉರಿ ಹಳದಿ ಆಗಿ ಭಾಂಡಿಗೆ ಮಸಿ ಹಿಡೀತೈತಿ. ಕರಕಾದ ತುದಿ ಕತ್ತರಸಬೇಕು. ಹೊಸಾ ಬತ್ತಿ ಎಣ್ಣಿ ಪೂರಾ ಕುಡಿಯೂ ಮಟ ಕಡ್ಡಿ ಗೀರಬಾರದು, ಬತ್ತಿನ ಸುಟ್ಟಹೋಗ್ತೈತಿ. ತೂತಿನ ಕೊಳವಿ ಮಸಿ ಕಟ್ಟಿದ್ರ ಗಾಳಿ ಸಾಲೂದಿಲ್ಲ, ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು. ರೇಶನ್ನಿನ ನೀಲಿ ಎಣ್ಣಿನ್ಯಾಗ ನೀರು ಸೇರಿದ್ರ ಚಟಪಟ ಅಂತೈತಿ, ಅರಬಿ ಹಾಕಿ ಸೋಸಿ, ತಳದ್ದು ಬಿಡಬೇಕು. ಇನ್ನ ಆರಿಸಿದ ಮ್ಯಾಲೆ ಬರೂ ಆ ಕೆಟ್ಟ ವಾಸನಿ ಬಿಸಿ ಬತ್ತಿಯಿಂದ ಉರೀಲಾರದ ಏಳೂ ಆವೀದು. ಅದಕ್ಕ ಆರಿಸೂದು ಹಿತ್ತಲದಾಗ. ಉರಿಯೂದನ್ನ ಎತ್ತಬಾರದು ಅಂತ ಈಗ ನಾ ಹೇಳ್ತೀನಿ, ಆಗ ಎಲ್ಲಾರೂ ಎತ್ತಾವ್ರ!

ಅಕ್ಕನ ಮನಿಗೆ ಹೋದಾಗೊಮ್ಮೆ ಅವ್ವ ಕೈಕಾಲು ತೊಳದು ಸೀದಾ ಅಡಗಿಮನಿಗೆ ಹೋಗಾಕಿ. ಬತ್ತಿ ನೋಡ್ತೀನಿ ಅಂತ ಹೇಳಿ ಬಾಗಲಾ ಹಾಕ್ಕೊಂಡು, ಅಕ್ಕನ ಜೋಡಿ ಅರ್ಧಾ ತಾಸು ಮಾತಾಡಿ ಬರಾಕಿ.