ಊರಿಗೇ ಬಂದ ಕಂಪನಿ ಬಸ್ಸು

ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಲ್ಲಿ ನಮ್ಮ ಕಂಪನಿ ಬಸ್ಸು ನಿಂತಾಗಲೆಲ್ಲ ನನಗೆ ಇಟಲಿಯ ಒಂದು ಚಾಕೊಲೇಟ್ ಮನೆತನದ ಬಸ್ಸುಗಳು ನೆನಪಾಗ್ತವೆ. ನುಟೆಲ್ಲಾ ಡಬ್ಬಿ, ಬಂಗಾರದ ಬಣ್ಣದ ಹಾಳೆ ಸುತ್ತಿದ ಫೆರೆರೊ ರೋಶೆ ನೋಡಿರ್ತೀರಿ. ಅದೇ ಫೆರೆರೊ ಮನೆಯವರ ಕಥೆ ಇದು.

ಇಟಲಿಯ ವಾಯವ್ಯಕ್ಕೆ ಪೀಡ್‌ಮಾಂಟ್ ಪ್ರಾಂತ್ಯ. ಅಲ್ಲಿ ಆಲ್ಬಾ ಅನ್ನೋ ಪಟ್ಟಣ, ಸುತ್ತ ಲಾಂಗೆ ಗುಡ್ಡಗಳು. ಆಲ್ಬಾದಲ್ಲಿ ಪಿಯೆತ್ರೊ ಫೆರೆರೊ ಸಿಹಿತಿಂಡಿ ಮಾಡಿ ಮಾರ್ತಿದ್ದ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಕೋಕೋ ಸಿಗೋದೇ ಕಷ್ಟ, ಸಿಕ್ಕರೂ ದುಬಾರಿ. ಗುಡ್ಡಗಳಲ್ಲಿ ಧಾರಾಳವಾಗಿ ಇದ್ದದ್ದು ಹೇಜಲ್‌ನಟ್. ಅದನ್ನು ಅರೆದು, ಸಕ್ಕರೆ ಬೆರೆಸಿ, ಕೋಕೋ ಸ್ವಲ್ಪವೇ ಹಾಕಿದ. ಈ ಬೆರಕೆ ಹೊಸದೇನಲ್ಲ, ಹತ್ತಿರದ ಟ್ಯೂರಿನ್ ನಗರದಲ್ಲಿ 19ನೇ ಶತಮಾನದಿಂದಲೇ ಇತ್ತು. ಪಿಯೆತ್ರೊ ಅದನ್ನು ಬಡವರ ಕೈಗೆಟುಕುವ ಹಾಗೆ ಮಾಡಿದ. ನಮ್ಮ ಬೆಲ್ಲದಚ್ಚಿನಂತೆ ಗಟ್ಟಿ ಇರ್ತಿತ್ತು. ಚಾಕುವಿನಲ್ಲಿ ಕೊಯ್ದು ಬ್ರೆಡ್ಡಿನ ಮೇಲಿಟ್ಟು ತಿನ್ನೋದು. 1946ರಲ್ಲಿ ಕಂಪನಿ ಶುರುವಾಯ್ತು.

ಮೂರೇ ವರ್ಷಕ್ಕೆ ಪಿಯೆತ್ರೊ ತೀರಿಕೊಂಡ. ವ್ಯಾಪಾರ ನೋಡಿಕೊಳ್ತಿದ್ದ ತಮ್ಮ ಜೊವಾನ್ನಿಯೂ 1957ರಲ್ಲಿ ಹೋದ. ಭಾರವೆಲ್ಲ ಪಿಯೆತ್ರೊನ ಮಗ ಮಿಕೇಲೆಯ ಹೆಗಲಿಗೆ ಬಿತ್ತು. ಅವನಿಗಾಗ 32 ವರ್ಷ, ಹೆಚ್ಚು ಕಡಿಮೆ ನನ್ನದೇ ವಯಸ್ಸು. 1951ರಿಂದ ಮಾರ್ತಿದ್ದ ಮೆತ್ತನೆಯ ಕ್ರೀಮನ್ನೇ ತಿದ್ದಿ 1964ರಲ್ಲಿ ನುಟೆಲ್ಲಾ ಅಂತ ಹೆಸರಿಟ್ಟದ್ದು ಇವನ ಕಾಲದಲ್ಲೇ.

ನನಗೆ ನುಟೆಲ್ಲಾಗಿಂತ ದೊಡ್ಡದಾಗಿ ಕಾಣೋದು ಬಸ್ಸು. ಆಗ ಹಳ್ಳಿ ಹುಡುಗರು ಹೊಲ ಬಿಟ್ಟು ಟ್ಯೂರಿನ್‌ನ ಫಿಯೆಟ್ ಕಾರ್ಖಾನೆಗೆ ಗುಳೆ ಹೋಗ್ತಿದ್ದರು. ಫೆರೆರೊ ಕಂಪನಿ ಗುಡ್ಡದ ಹಳ್ಳಿಗಳಿಗೇ ಬಸ್ಸು ಕಳಿಸಿತು. ಜನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ರಾತ್ರಿ ಮನೆಗೆ ಬರ್ತಿದ್ದರು, ಉಳಿದ ಹೊತ್ತಲ್ಲಿ ದ್ರಾಕ್ಷಿ, ಹೇಜಲ್‌ನಟ್ ನೋಡಿಕೊಳ್ತಿದ್ದರು. ಇದು ಬರೀ ದಾನಧರ್ಮ ಅಲ್ಲ, ಕಂಪನಿಗೂ ನಂಬಿಕಸ್ತ ಕೆಲಸಗಾರರು ಬೇಕಿತ್ತು. ಆದರೂ ಊರು ಉಳೀತಲ್ಲ! 1994ರ ನವೆಂಬರಿನಲ್ಲಿ ತನಾರೊ ನದಿ ಉಕ್ಕಿ ಫ್ಯಾಕ್ಟರಿ ಕೆಸರಲ್ಲಿ ಮುಳುಗಿದಾಗ ಕೆಲಸಗಾರರು ತಾವೇ ಬಂದು ಕೆಸರು ಬಳಿದರು.

ಇನ್ನೊಂದು ಮುಖವನ್ನೂ ಹೇಳಬೇಕು. ಕಂಪನಿ ಬೆಳೆದ ಮೇಲೆ ಲಾಂಗೆಯ ಬೆಳೆ ಸಾಲಲಿಲ್ಲ. ಈಗ ಹೇಜಲ್‌ನಟ್ಟಿನ ದೊಡ್ಡ ಪಾಲು ಬರೋದು ಟರ್ಕಿಯಿಂದ. ಅಲ್ಲಿ ಕೊಯ್ಲು ಮಾಡೋರಲ್ಲಿ ಬಹಳ ಜನ ದೂರದ ಊರುಗಳಿಂದ ಗುಳೆ ಬಂದ ಕೂಲಿಗಳು, ಮಕ್ಕಳನ್ನೂ ಕಟ್ಟಿಕೊಂಡು ಬರ್ತಾರೆ. ಅವರ ಊರಿಗೆ ಯಾವ ಬಸ್ಸೂ ಹೋಗಲಿಲ್ಲ.

ಬಿಇ ಮುಗಿಸಿದ ವರ್ಷವೇ ನಾನೂ ಊರು ಬಿಟ್ಟೆ. ತೋಟಕ್ಕೆ ಈಗ ಅಪ್ಪ ಒಬ್ಬರೇ ನೀರು ಬಿಡ್ತಾರೆ. ನಮ್ಮ ಕಂಪನಿ ಬಸ್ಸಿನ ಕೊನೇ ಸ್ಟಾಪು ಪೀಜಿ ಮುಂದೆ.